ತಿದ್ದದಿರುವ ಪಾಠ

ಬರುವ ಸಂಕ್ರಾಂತಿಯ ಹೊತ್ತಿಗೆ ನಾನು ಕಮತಗಿಗೆ ಮರಳುತ್ತಿದ್ದೇನೆ. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿ ಬಾಗಲಕೋಟೆಯ ನವನಗರದಲ್ಲಿ ನೆಲೆಸಿದವನಿಗೆ ಈ ವಯಸ್ಸಿನಲ್ಲಿ ಮತ್ತೆ ಹುಟ್ಟೂರೇಕೆ ಎಂದು ಹಲವರು ಕೇಳಿದ್ದಾರೆ. ಕಾರಣ ನನ್ನ ಅಕ್ಕ. ಅವಳಿಗೆ ಮರೆವಿನ ಕಾಯಿಲೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ.

ಮೊದಲು ಅವಳನ್ನೇ ನನ್ನ ಮನೆಗೆ ಕರೆತರಬೇಕೆಂದಿದ್ದೆ. ಕಳೆದ ದಸರೆಗೆ ಕರೆತಂದೆ ಕೂಡ. ನಾಲ್ಕನೆಯ ದಿನ ಸಂಜೆ ನೋಡಿದರೆ ಬಾಗಿಲು ತೆರೆದಿತ್ತು, ಅಕ್ಕ ಇರಲಿಲ್ಲ. ನವನಗರವನ್ನು ಬಲ್ಲವರಿಗೆ ನನ್ನ ಗಾಬರಿ ಅರ್ಥವಾದೀತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾದಾಗ, ಸಂತ್ರಸ್ತರಿಗಾಗಿ ಗೆರೆ ಎಳೆದು ಕಟ್ಟಿದ ಊರಿದು. ಇಲ್ಲಿ ಓಣಿಯ ಹೆಸರಿಗಿಂತ ಸೆಕ್ಟರ್ ಸಂಖ್ಯೆಯೇ ಗುರುತು. ಒಂದೂವರೆ ತಾಸು ಹುಡುಕಿದ ಮೇಲೆ ಎರಡು ಸೆಕ್ಟರ್ ಆಚೆ, ನಮ್ಮದರಂತೆಯೇ ನೀಲಿ ಗೇಟಿದ್ದ ಮನೆಯ ಕಟ್ಟೆಯ ಮೇಲೆ ಅಕ್ಕ ಕುಳಿತಿದ್ದಳು. ಆ ಮನೆಯವರು ಅವಳಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತಿದ್ದರು. ನನ್ನನ್ನು ಕಂಡವಳೇ, "ಇಲ್ಲಿ ಮಗ್ಗದ ಸಪ್ಪಳನ ಇಲ್ಲಲ್ಲೋ ತಮ್ಮಾ, ನಮ್ಮ ಓಣಿ ಹೆಂಗ ಸಿಗಬೇಕು?" ಎಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹಾದಿಯ ಗುರುತುಗಳನ್ನೆಲ್ಲ ಕಸಿದುಕೊಂಡು ಹಾದಿ ತಪ್ಪಿದಳೆಂದು ದೂರಿದವನು ನಾನು. ಅಂದೇ ನಿರ್ಧರಿಸಿದೆ: ಅವಳು ಇಲ್ಲಿಗೆ ಬರುವುದು ಬೇಡ, ನಾನೇ ಅಲ್ಲಿಗೆ ಹೋಗಬೇಕು.

ನಮ್ಮ ಕಡೆ ಇದನ್ನು ಕಾಯಿಲೆಯೆಂದು ಎಣಿಸುವುದೇ ಅಪರೂಪ. "ಅರವತ್ತಕ್ಕೆ ಅರಳು ಮರಳು" ಎಂದು ನಕ್ಕು ಬಿಟ್ಟುಬಿಡುತ್ತೇವೆ. 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬೇಂದ್ರೆಯವರ ಸಂಕಲನದ ಹೆಸರೂ 'ಅರಳು ಮರಳು'. ಆ ಜೋಡಿಪದದ ಸೊಗಸನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಆದರೆ ಅಕ್ಕ ಸಾರಿಗೆ ಎರಡು ಬಾರಿ ಉಪ್ಪು ಹಾಕಿದಾಗ, ತಮ್ಮಂದಿರ ಮಕ್ಕಳ ಹೆಸರನ್ನು ಅದಲುಬದಲು ಮಾಡಿದಾಗ ಅದೇ ಪದದ ಮರೆಯಲ್ಲಿ ಎರಡು ವರ್ಷ ಕಳೆದುಬಿಟ್ಟೆ. ಮತ್ತೊಂದು ಪದವಂತೂ ಇನ್ನೂ ಕಠಿಣ. ಹುಚ್ಚೇಶ್ವರ ಮಠ ನಮ್ಮೂರಿನ ಹೆಗ್ಗುರುತು. ಮಕ್ಕಳಿಗೆ ಹುಚ್ಚಪ್ಪ, ಹುಚ್ಚೇಶ ಎಂದು ಭಕ್ತಿಯಿಂದ ಹೆಸರಿಡುವ ಊರದು. ಅಂಥ ಊರಿನಲ್ಲಿಯೂ "ನಿಮ್ಮ ಅಕ್ಕಗ ಹುಚ್ಚು ಹಿಡದೈತಂತ" ಎಂದು ಯಾರೋ ಅಂದಾಗ ಎದೆಗೆ ಚುಚ್ಚಿತು. ಇದು ಹುಚ್ಚಲ್ಲ, ಮೆದುಳಿನ ಕಾಯಿಲೆ. ಇದರ ಬಹುಸಾಮಾನ್ಯ ರೂಪಕ್ಕೆ, 1906ರಲ್ಲಿ ಅದನ್ನು ಮೊದಲು ವಿವರಿಸಿದ ಜರ್ಮನಿಯ ವೈದ್ಯ ಆಲ್ಝೈಮರರ ಹೆಸರೇ ಇದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು.

ಆಸ್ಪತ್ರೆಯಲ್ಲಿ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆಗಳಿಂದಲೂ ಮರೆವು ಬರಬಹುದು. ಅಂಥದ್ದಾದರೆ ಚಿಕಿತ್ಸೆಯಿಂದ ಸುಧಾರಿಸುವ ಅವಕಾಶವುಂಟು. ಅಕ್ಕನಿಗೆ ಅವೆರಡೂ ಇರಲಿಲ್ಲ. ಬಳಿಕ ಪ್ರಶ್ನೆಗಳು: ಇಂದು ಯಾವ ತಾರೀಖು? ನೂರರಲ್ಲಿ ಏಳು ಕಳೆದರೆ ಎಷ್ಟು? ಅಕ್ಕ ಸೆರಗು ಹಿಂಡುತ್ತ ತಲೆ ತಗ್ಗಿಸಿ, "ನಾ ಸಾಲಿ ಕಲತಿಲ್ರೀ" ಎಂದಳು. ಆ ವೈದ್ಯೆ ವಿವೇಕಿ. ಹಾಳೆಯನ್ನು ಬದಿಗಿಟ್ಟು, ಅಕ್ಕನ ದಿನನಿತ್ಯದ ಕೆಲಸಗಳಲ್ಲಿ ಏನೇನು ಬದಲಾಗಿದೆಯೆಂದು ನನ್ನನ್ನು ಕೇಳತೊಡಗಿದರು.

ಅಕ್ಕ ಶಾಲೆ ಕಲಿಯದೇ ಇದ್ದುದಕ್ಕೆ ಕಾರಣ ನಾನೇ. ಅಪ್ಪ ತೀರಿಕೊಂಡಾಗ ಅವಳು ಎರಡನೆಯ ಇಯತ್ತೆ. ಪಾಟಿ ಕೆಳಗಿಟ್ಟು ರಾಟೆಯ ಮುಂದೆ ಕುಳಿತು ನೇಕಾರರಿಗೆ ಕಂಡಿಕೆ ಸುತ್ತಿಕೊಟ್ಟಳು; ಮುಂದೆ ತಾನೇ ಕೈಮಗ್ಗಕ್ಕಿಳಿದಳು. ಆ ದುಡಿಮೆಯಿಂದಲೇ ನನ್ನ ಓದು ಸಾಗಿತು. 2024ರ ಲ್ಯಾನ್ಸೆಟ್ ಆಯೋಗದ ವರದಿಯಲ್ಲಿ ಈ ಕಾಯಿಲೆಯ ಸಾಧ್ಯತೆಯನ್ನು ಹೆಚ್ಚಿಸುವ, ಆದರೆ ಬದಲಿಸಲು ಸಾಧ್ಯವಿರುವ 14 ಅಂಶಗಳ ಪಟ್ಟಿಯಿದೆ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ದೃಷ್ಟಿದೋಷ, ಒಂಟಿತನ ಇತ್ಯಾದಿ. ಬಾಲ್ಯದಲ್ಲಿ ಶಿಕ್ಷಣ ದೊರೆಯದಿರುವುದೂ ಅವುಗಳಲ್ಲಿ ಒಂದು. ಆ ಸಾಲನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇಂಥ ಲೆಕ್ಕ ಸಮುದಾಯಕ್ಕೆ ಅನ್ವಯಿಸುವುದೇ ಹೊರತು, ಒಬ್ಬಳ ಕಾಯಿಲೆಗೆ ಇದೇ ಕಾರಣವೆನ್ನಲಾಗದು ಎಂಬುದನ್ನು ನಾನು ಬಲ್ಲೆ. ಬಲ್ಲೆನಾದರೂ ಋಣ ಋಣವೇ.

ಆದರೆ ಋಣ ತೀರಿಸುವ ಉತ್ಸಾಹವೊಂದೇ ಸಾಲದು. ನವನಗರದಲ್ಲಿದ್ದಾಗಲೇ ಒಂದು ಸಂಜೆ ಅಕ್ಕ, "ಅವ್ವ ಎಲ್ಲಿ ಹೋಗ್ಯಾಳೋ?" ಎಂದು ಕೇಳಿದಳು. "ಅವ್ವ ತೀರಿಕೊಂಡು ನಾಲ್ವತ್ತು ವರ್ಷದ ಮೇಲಾತಲ್ಲ ಅಕ್ಕಾ" ಎಂದೆ. ಆಗಲೇ ಕೇಳಿದ ಸುದ್ದಿಯೆಂಬಂತೆ ಎದೆ ಬಡಿದುಕೊಂಡು ಅತ್ತಳು. ಅರ್ಧ ತಾಸಿನಲ್ಲಿ ಮತ್ತದೇ ಪ್ರಶ್ನೆ. ಮತ್ತದೇ ಸರಿ ಉತ್ತರ ಕೊಟ್ಟೆ. ಒಂದೇ ಸಂಜೆ ಮೂರು ಬಾರಿ ಅವಳಿಗೆ ತಾಯಿಯ ಸಾವನ್ನು ತಿಳಿಸಿದೆ. ತಪ್ಪು ಕಂಡರೆ ಕೆಂಪು ಶಾಯಿಯ ಪೆನ್ನು ತೆಗೆಯುವ ಹಳೆಯ ಚಾಳಿ. ನಾಲ್ಕನೆಯ ಬಾರಿ ನನ್ನ ಮಡದಿ ಅಡುಗೆಮನೆಯಿಂದ ಬಂದು, "ಅವ್ವ ನಿಮಗ ಏನ್ ಮಾಡಿ ಹಾಕತಿದ್ರು ವೈನಿ?" ಎಂದಳು. ಅಕ್ಕನ ಮುಖ ಅರಳಿತು. ರೊಟ್ಟಿ, ಪುಂಡಿಪಲ್ಯ, ಹುಣ್ಣಿಮೆಯ ಹೋಳಿಗೆ ಎಂದು ಒಂದು ತಾಸು ಮಾತಾಡಿದಳು. ಮತ್ತೆ ಅವ್ವನನ್ನು ಹುಡುಕಲಿಲ್ಲ. ಅವಳಿಗೆ ಬೇಕಿದ್ದುದು ಇಸವಿಯಲ್ಲ, ಅವ್ವನ ಮಾತು.

ಅಂದಿನಿಂದ ನಾನು ವಿದ್ಯಾರ್ಥಿ. ಕಮತಗಿಯ ಮನೆಯನ್ನು ಅಣಿಗೊಳಿಸುತ್ತಿದ್ದೇನೆ. ಬಚ್ಚಲಿಗೆ ಜಾರದ ಫರಸಿ, ಗೋಡೆಗೆ ಹಿಡಿಕೆ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಅಡುಗೆ ಮುಗಿದೊಡನೆ ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡುವ ನಿಯಮ. ಅವಳ ಕೊರಳ ದಾರದಲ್ಲಿ ನನ್ನ ದೂರವಾಣಿ ಸಂಖ್ಯೆಯ ಬಿಲ್ಲೆ. ಕಿವಿಗೆ ಶ್ರವಣಯಂತ್ರ. ಸ್ನಾನ ಮಾಡಿಸಲು ನೆರೆಮನೆಯ ಹೆಣ್ಣುಮಗಳೊಬ್ಬಳನ್ನು ಗೊತ್ತುಮಾಡಿದ್ದೇನೆ. ತಮ್ಮನ ಕೈಯಿಂದ ಮೀಯುವ ಸಂಕೋಚವನ್ನು ಅಕ್ಕ ಮರೆತಿಲ್ಲ. ತಮ್ಮನ ಮಕ್ಕಳು ವಾರಕ್ಕೊಂದು ದಿನ ಜವಾಬ್ದಾರಿ ಹೊರಲು ಒಪ್ಪಿದ್ದಾರೆ, ಏಕೆಂದರೆ ನೋಡಿಕೊಳ್ಳುವವನು ಬಿದ್ದರೆ ಇಬ್ಬರೂ ಬಿದ್ದಂತೆ. ನನಗೂ ಮನಸ್ಸು ಕುಗ್ಗುವ ದಿನಗಳಿಗಾಗಿ 14416ರ ಟೆಲಿ ಮಾನಸ್, ಹಿರಿಯರಿಗಾಗಿಯೇ ಇರುವ 14567 ಸಹಾಯವಾಣಿ, ಎರಡನ್ನೂ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ. ಮಾತ್ರೆಗಳ ಬಗೆಗೆ ಭ್ರಮೆಯಿಲ್ಲ. ಅವು ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ಹಗುರಾಗಿಸಬಲ್ಲವು, ವಾಸಿಮಾಡಲಾರವು. ಮುಂದೊಂದು ದಿನ ಅವಳು ನನ್ನನ್ನೂ ಗುರುತಿಸದಿರಬಹುದು. ಅದಕ್ಕೆ ಮಾತ್ರ ಯಾವ ಸಿದ್ಧತೆಯೂ ಸಾಲುತ್ತಿಲ್ಲ.

ಕಳೆದ ವಾರ ಹೋದಾಗ ಅಟ್ಟದಿಂದ ಹಳೆಯ ರಾಟೆ ಇಳಿಸಿ, ಒರೆಸಿ, ಅವಳ ಮುಂದಿಟ್ಟೆ. ಆ ಬೆಳಿಗ್ಗೆ ಉಂಡದ್ದನ್ನು ಮರೆತಿದ್ದ ಅಕ್ಕ, ನೂಲಿನ ಎಳೆ ಹಿಡಿದು ಒಂದು ಕಂಡಿಕೆ ಸುತ್ತಿ ಮುಗಿಸಿದಳು. ಎಳೆ ಎರಡು ಸಲ ಹರಿಯಿತು. ಎರಡು ಸಲವೂ ಬೆರಳೇ ಗಂಟು ಹಾಕಿತು. ಕೈ ಕಲಿತದ್ದು ಬಹುಕಾಲ ಉಳಿಯುವುದುಂಟು ಎಂದು ವೈದ್ಯೆ ಹೇಳಿದ್ದರು. ನಾನು ಪಕ್ಕದಲ್ಲಿ ಕುಳಿತು ಲಡಿ ಹಿಡಿದುಕೊಂಡಿದ್ದೆ. ಚಿಕ್ಕಂದಿನಲ್ಲಿಯೂ ಅದೇ ನನ್ನ ಕೆಲಸವಾಗಿತ್ತು.

ಬಂಧುಗಳಲ್ಲಿ, ನನ್ನಲ್ಲಿ ಓದಿದವರಲ್ಲಿ ಒಂದು ವಿನಂತಿ. ಕಮತಗಿಗೆ ಬನ್ನಿ, ಅಕ್ಕನನ್ನು ನೋಡಿ. ಆದರೆ ಎದುರು ನಿಂತು "ನಾನು ಯಾರು ಹೇಳು ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರನ್ನು ನೀವೇ ಹೇಳಿ, ಕೈ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ಅವಳು ನಿಮ್ಮನ್ನು ಬೇರೆ ಯಾರೋ ಎಂದುಕೊಂಡರೆ, ಸ್ವಲ್ಪ ಹೊತ್ತು ಅವರೇ ಆಗಿರಿ.