ಸೋಮವಾರದ ರಕ್ತ

ಸೋಮವಾರ ಬೆಳಿಗ್ಗೆ ಏಳು ಗಂಟೆ. ಮುಂಡಗೋಡ ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆ. ಅಜ್ಜ ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತುತ್ತಾರೆ. ನೀವು ಪಕ್ಕದಲ್ಲೇ ನಿಂತಿದ್ದೀರಿ.

“ಮೂರ ಕಿಲೋ ಏರೇತಲ್ಲ ಅಜ್ಜಾ! ಎಷ್ಟ ನೀರ ಕುಡದೀರಿ?”

“ಬ್ಯಾಸಗಿ ಐತಲ್ಲಬೇ ತಂಗಿ. ನಾಲಿಗಿ ಒಣಗತೈತಿ.”

ಶುಕ್ರವಾರ ಬಂದುಹೋದವರು ಇವತ್ತೇ ಬಂದಿದ್ದಾರೆ. ಎರಡು ದಿನ ಕುಡಿದ ನೀರು, ಬಾಳೆಹಣ್ಣು, ಎಳನೀರಿನ ಪೊಟ್ಯಾಸಿಯಂ ಎಲ್ಲ ಮೈಯಲ್ಲೇ ಉಳಿದಿದೆ. ಅಮೆರಿಕದ 32 ಸಾವಿರ ಡಯಾಲಿಸಿಸ್ ರೋಗಿಗಳ ಲೆಕ್ಕ 2011ರಲ್ಲಿ ಪ್ರಕಟವಾಯಿತು: ಈ ಉದ್ದನೆಯ ಬಿಡುವು ಮುಗಿಯುವ ದಿನವೇ ಸಾವು, ಹೃದಯಾಘಾತ ಎರಡೂ ಹೆಚ್ಚು. ಮೂತ್ರಪಿಂಡ ಕೈಕೊಟ್ಟವರನ್ನು ಕೊನೆಗೆ ಕಾಡುವುದು ಹೆಚ್ಚಾಗಿ ಹೃದಯವೇ.

ಅಜ್ಜ ಮಂಚದ ಮೇಲೆ ಎಡಗೈ ಚಾಚುತ್ತಾರೆ. ಮೊಣಕೈ ಕೆಳಗೆ ಉಬ್ಬಿದ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ, ಮುಟ್ಟಿ ನೋಡಿ, ರಕ್ತ ಜುಮುಜುಮು ಹರಿಯುವುದು ಬೆರಳಿಗೆ ಗೊತ್ತಾಗುತ್ತದೆ. ಸಿಸ್ಟರ್ ಸೂಜಿ ಚುಚ್ಚಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವ ಮೊದಲೇ ಮೂರು ಟ್ಯೂಬು ರಕ್ತ ಹಿಡಿದುಕೊಳ್ಳುತ್ತಾರೆ. ಯಂತ್ರ ಶುರುವಾಗುತ್ತದೆ. ಇನ್ನು ನಾಲ್ಕು ತಾಸು ಅಜ್ಜ ಅಲುಗುವಂತಿಲ್ಲ.

ಒಂದು ಟ್ಯೂಬಿನಲ್ಲಿ ಪೊಟ್ಯಾಸಿಯಂ ನೋಡುತ್ತಾರೆ, ರಂಜಕವನ್ನೂ ನೋಡುತ್ತಾರೆ. ರಂಜಕ ಹೆಚ್ಚಿದರೆ ರಕ್ತನಾಳಗಳ ಗೋಡೆಗೆ ಸುಣ್ಣ ಕಟ್ಟುತ್ತದೆ. ರಕ್ತದ ಪ್ರೋಟೀನಾದ ಆಲ್ಬುಮಿನ್ ಇಳಿಯುವುದೂ ಒಳ್ಳೆಯದಲ್ಲ. ಇನ್ನೊಂದು ಟ್ಯೂಬು ತಡಸ ದಾಟಿ ಹುಬ್ಬಳ್ಳಿಯ ಲ್ಯಾಬಿಗೆ ಹೋಗುತ್ತದೆ, ಟ್ರೋಪೋನಿನ್ ನೋಡಲು.

ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿನ ಪ್ರೋಟೀನು. ಸ್ನಾಯುವಿಗೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತದೆ. ಸೂಕ್ಷ್ಮ ಪರೀಕ್ಷೆಯಲ್ಲಿ ಟ್ರೋಪೋನಿನ್ ಟಿ ಲೀಟರಿಗೆ 14 ನ್ಯಾನೋಗ್ರಾಂ ದಾಟಿದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಆದರೆ ಡಯಾಲಿಸಿಸ್‌ನವರಲ್ಲಿ ಎದೆನೋವೇ ಇಲ್ಲದವರಿಗೂ ಅದು ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ವರ್ಷಗಟ್ಟಲೆ ಬಿ.ಪಿ. ಹೊತ್ತು, ನೀರು ಹೊತ್ತು ಹೃದಯದ ಗೋಡೆ ದಪ್ಪಗಾಗಿರುತ್ತದೆ, ಒಳಗೊಳಗೇ ಸವೆಯುತ್ತಿರುತ್ತದೆ. ಆ ಏರಿಕೆ ಸುಳ್ಳಲ್ಲ: ಯಾರಲ್ಲಿ ಅದು ಹೆಚ್ಚೋ ಅವರಿಗೆ ಮುಂದೆ ಅಪಾಯ ಹೆಚ್ಚು. ಈ ಮುನ್ಸೂಚನೆಗಾಗಿಯೇ ಟ್ರೋಪೋನಿನ್ ಟಿ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಒಪ್ಪಿತು.

ಅಜ್ಜನ ಫೈಲು ತೆರೆಯಿರಿ. ಮೂರು ತಿಂಗಳ ಹಿಂದಿನ ವರದಿ: 62. ಅಂದು ಎದೆನೋವಿರಲಿಲ್ಲ. ಆ ಹಳೆಯ ಕಾಗದವೇ ಬಲು ಬೆಲೆಯದು ಎಂಬುದು ನನ್ನ ನಂಬಿಕೆ. ನಾಳೆ ಎದೆ ಹಿಡಿದುಕೊಂಡು ಹುಬ್ಬಳ್ಳಿ ತಲುಪಿದಾಗ ಅಲ್ಲಿ 65 ಬಂದರೆ ಅರ್ಥ ಬೇರೆ, 150 ಬಂದರೆ ಬೇರೆ. ಹಿಂದಿನ ಅಂಕಿ ಕೈಯಲ್ಲಿಲ್ಲದ ವೈದ್ಯರು ಒಂದೆರಡು ತಾಸಿನಲ್ಲಿ ಮತ್ತೆ ರಕ್ತ ತೆಗೆದು, ಏರುತ್ತಿದೆಯೋ ನಿಂತಿದೆಯೋ ನೋಡಬೇಕು. ಅಂಕಿ ಕೈಯಲ್ಲಿದ್ದರೂ ಮತ್ತೆ ನೋಡುತ್ತಾರೆ, ಆದರೆ ಮೊದಲ ವರದಿಗೇ ಒಂದು ದಿಕ್ಕು ಸಿಗುತ್ತದೆ. ಇ.ಸಿ.ಜಿ. ಹೇಗೂ ಬೇಕು.

ತಾಸು ಎರಡಾಯಿತು. ಹೊರಗಿನ ಬೆಂಚಿನಿಂದ ಅಜ್ಜನ ಮಗಳು ಒಳಗೆ ಇಣುಕುತ್ತಾಳೆ.

“ಸಿಸ್ಟರ್, 62 ಅಂದ್ರ ಅಪ್ಪಗ ಹಾರ್ಟ್ ಅಟ್ಯಾಕ್ ಆಗೇತೇನ್ರಿ?”

“ಇಲ್ಲವ್ವಾ. ಅದು ಅವರ ದಿನದ ಲೆಕ್ಕ. ಎದಿ ಹಿಡದ್ರ, ಉಸಿರ ಕಟ್ಟಿದ್ರ, ಸೋಮವಾರದ ತನ ಕಾಯಬ್ಯಾಡ್ರಿ, ಅವಾಗಿಂದವಾಗ ಬರ್ರಿ. ಈ ಚೀಟಿ ಕೈಯಾಗ ಇರ್ಲಿ.”

ಮಗಳು ವರದಿಯ ಫೋಟೊ ತೆಗೆದು ತಮ್ಮನಿಗೂ ಕಳಿಸುತ್ತಾಳೆ, ರಾತ್ರಿ ಗಾಡಿ ಹೊಡೆಯುವವನು ಅವನೇ.