ಶಾಲೆಯ ಪ್ರತಿಜ್ಞೆ ಮತ್ತು ನನ್ನ ಬೇಲಿ



ರಾಗಿಗೆ ಎಡೆಕುಂಟೆ ಹೊಡೆದು ಮುಗೀತು. ಜಾವಗಲ್ ಕಡೆ ಮಳೆ ಸದ್ಯಕ್ಕೆ ಹದವಾಗಿದೆ. ತೆಂಗಿನ ಬುಡಕ್ಕೆ ಗೊಬ್ಬರ ಕೊಡೋ ವಿಚಾರ ಬರೀತೀನಿ ಅಂತ ಹೋದ ಸಲ ಹೇಳಿದ್ದೆ, ಅದು ಮುಂದಿನ ವಾರಕ್ಕಿರಲಿ. ನಾಳಿದ್ದು ಆಗಸ್ಟ್ 15. ಅದಕ್ಕೆ ಮುಂಚೆ ಒಂದು ಮಾತು ಹೇಳಿಬಿಡಬೇಕು. ಸ್ವಲ್ಪ ಉದ್ದ ಆಗುತ್ತೆ. ಡೇರಿಗೆ ಹಾಲು ಹಾಕಿ ಬಂದು ನಿಧಾನಕ್ಕೆ ಓದಿ.

ನಮ್ಮ ತೆಂಗಿನ ತೋಟದ ಮೂಡಲ ಬದುವಿಗೆ ಹೊಂದಿಕೊಂಡೇ ಊರಿನ ಶಾಲೆ ಇದೆ. ಬೆಳಗ್ಗೆ ಪಾತಿ ಮಾಡುವಾಗ ನಾಡಗೀತೆ, ಪ್ರತಿಜ್ಞೆ, ರಾಷ್ಟ್ರಗೀತೆ ಎಲ್ಲ ಕಿವಿಗೆ ಬೀಳುತ್ತೆ. 2023ರಿಂದ ಸಂವಿಧಾನದ ಪೀಠಿಕೆಯೂ ಸೇರಿದೆ. ನಾನು ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಪ್ರತಿಜ್ಞೆ ಹೇಳಿಸುವ ಕೆಲಸ ನನ್ನದು. ಬಲಗೈ ಮುಂದೆ ಚಾಚಿ ನಾನೊಂದು ಸಾಲು ಹೇಳಿದರೆ ಇಡೀ ಶಾಲೆ ಅದನ್ನೇ ಹೇಳೋದು. ಗಂಟಲು ದೊಡ್ಡದು ಅಂತ ಮೇಷ್ಟ್ರು ನನ್ನನ್ನ ಆರಿಸಿದ್ದರು, ಅರ್ಥ ಗೊತ್ತು ಅಂತ ಅಲ್ಲ. ಭಾರತೀಯರೆಲ್ಲ ಅಣ್ಣತಮ್ಮ, ಅಕ್ಕತಂಗಿಯರು ಅಂತ ನನ್ನ ಹಿಂದೆಯೇ ಹೇಳಿದ ಕಾಲೋನಿಯ ಗೆಳೆಯ ಸಂಜೆ ನಮ್ಮನೆ ಹತ್ರ ಬಂದರೆ ಜಗಲಿಯ ಕೆಳಗೇ ನಿಲ್ಲಬೇಕಾಗಿತ್ತು. ಅದರಲ್ಲಿ ಏನೋ ಎಡವಟ್ಟಿದೆ ಅಂತ ಆಗ ನನಗೆ ಹೊಳೀಲೇ ಇಲ್ಲ.

ಈ ಪ್ರತಿಜ್ಞೆ ಬರೆದವರು ಯಾರು ಅಂತ ಕೇಳಿದರೆ ಗಾಂಧಿ, ನೆಹರು ಅಂತೀವಿ. ಅವರಲ್ಲ. ನಲ್ಗೊಂಡ ಜಿಲ್ಲೆಯ ಪೈಡಿಮರ್ರಿ ವೆಂಕಟ ಸುಬ್ಬಾರಾವ್ ಅಂತ. ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆ ಅಧಿಕಾರಿ ಆಗಿದ್ದರು. 1962ರಲ್ಲಿ, ಅಂದರೆ ಚೀನಾ ಯುದ್ಧ ಆದ ವರ್ಷ, ತೆಲುಗಿನಲ್ಲಿ ಬರೆದರು. ಮಾರನೇ ವರ್ಷ ಅಲ್ಲಿನ ಒಂದು ಶಾಲೆಯಲ್ಲಿ ಮಕ್ಕಳು ಓದಿದರು. 1964ರಲ್ಲಿ ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಸಭೆ ಸೇರಿ, ದೇಶದ ಶಾಲೆಗಳಲ್ಲೆಲ್ಲ ಇದನ್ನ ಹೇಳಿಸಬೇಕು ಅಂತ ತೀರ್ಮಾನ ಮಾಡಿತು. ಆ ಸಭೆ ನಡೆದಿದ್ದು ನಮ್ಮ ಬೆಂಗಳೂರಿನಲ್ಲೇ. 1965ರ ಜನವರಿ 26ರಿಂದ ಜಾರಿಗೆ ಬಂತು. ಬರೆದವರ ಹೆಸರು ಮಾತ್ರ ಎಷ್ಟೋ ಪಠ್ಯಪುಸ್ತಕಗಳಲ್ಲಿ ಬರಲೇ ಇಲ್ಲ.

ಈಗ ವಿಷಯಕ್ಕೆ ಬರ್ತೀನಿ. ಹೋದ ತಿಂಗಳು ಶಾಲೆಯ ಎಸ್‌ಡಿಎಂಸಿ ಮೀಟಿಂಗ್ ಇತ್ತು. ಬಿಸಿಯೂಟ, ಶೌಚಾಲಯದ ಬಾಗಿಲು ಎಲ್ಲ ಆದ ಮೇಲೆ ಮೇಡಂ ಒಂದು ಮಾತು ತೆಗೆದರು. ಕೆಲವು ಮಕ್ಕಳು ದಿನಾ ತಡವಾಗಿ ಬರ್ತಾರೆ, ಪ್ರಾರ್ಥನೆ, ಪ್ರತಿಜ್ಞೆ ಎಲ್ಲ ಮುಗಿದ ಮೇಲೆ ಒಳಗೆ ಬರ್ತಾರೆ, ಏನು ಮಾಡೋಣ ಅಂತ.

ಅಷ್ಟಕ್ಕೇ ಗಲಾಟೆ ಎದ್ದಿತು. ಒಬ್ಬರು, ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸಿ ಎಷ್ಟು ಅಂತ ಹೇಳಿಸ್ತೀರಿ, ಸರ್ಕಾರ ಬದಲಾದಂಗೆಲ್ಲ ಒಂದೊಂದು ಸೇರಿಸ್ತಾರೆ ಅಂದರು. ಇನ್ನೊಬ್ಬರು, ಪೀಠಿಕೆ ಓದಿದರೆ ನಿಮಗೇನು ಕಷ್ಟ ಅಂದರು. ಮತ್ತೊಬ್ಬರು, ದೇಶದ ಮೇಲೆ ಪ್ರೀತಿ ಇಲ್ಲದೋರೇ ತಡವಾಗಿ ಬರೋದು ಅಂತ ಯಾರ ಹೆಸರೂ ಎತ್ತದೆ ಎಲ್ಲರಿಗೂ ತಾಗೋ ಹಂಗೆ ಹೇಳಿದರು. ಎಲ್ಲಿ ಏನು ಓದಬೇಕು ಅನ್ನೋ ಜಗಳ ನಮಗೆ ಹೊಸದಲ್ಲ ಬಿಡಿ. ಬೇಲೂರು ತೇರಿನಲ್ಲಿ ಕುರಾನ್ ಪಠಣ ಬೇಕಾ ಬೇಡ್ವಾ ಅಂತ ಎಷ್ಟು ಗದ್ದಲ ಆಯ್ತು ಅನ್ನೋದು ನಿಮಗೇ ಗೊತ್ತು.

ನಾನು ಎದ್ದು ನಿಂತೆ. ದೊಡ್ಡ ಗಂಟಲು ಇನ್ನೂ ಹಾಗೇ ಇದೆಯಲ್ಲ. "ತಡವಾಗಿ ಬಂದೋರನ್ನ ಗೇಟಿನ ಹತ್ರ ನಿಲ್ಲಿಸಿ, ಒಬ್ಬೊಬ್ಬರ ಕೈಲೂ ಎಲ್ಲರ ಮುಂದೆ ಪ್ರತಿಜ್ಞೆ ಹೇಳಿಸಿ ಮೇಡಂ. ನಾಲ್ಕು ದಿನ ನಾಚಿಕೆ ಆದರೆ ಐದನೇ ದಿನ ಸರಿಯಾಗಿ ಬರ್ತಾರೆ" ಅಂದೆ. ತುಂಬ ಜನ ತಲೆ ಆಡಿಸಿದರು.

ಅರಸೀಕೆರೆ ಕೋರ್ಟಿನಲ್ಲಿ ವಕೀಲಿ ಮಾಡೋ ನಮ್ಮೂರ ಹುಡುಗ ಒಬ್ಬ, ಮಗಳನ್ನ ಇದೇ ಶಾಲೆಗೆ ಹಾಕಿದಾನೆ. ಅವನು ಮೆಲ್ಲಗೆ, "ಮಾವ, ಇದನ್ನ ಶಿಕ್ಷೆ ಮಾಡಬೇಡಿ" ಅಂದ. ಆಮೇಲೆ ಒಂದು ಕೇಸಿನ ವಿಚಾರ ಹೇಳಿದ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದ ಮೂರು ಮಕ್ಕಳು ರಾಷ್ಟ್ರಗೀತೆ ಹೊತ್ತಿಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರಂತೆ, ಹಾಡುತ್ತಿರಲಿಲ್ಲ. ನಮ್ಮ ಧರ್ಮ ಒಪ್ಪಲ್ಲ ಅಂತ. 1985ರಲ್ಲಿ ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು, ಎದ್ದು ನಿಂತಿದ್ದಾರಲ್ಲ, ಬಾಯಿ ಬಿಡದಿದ್ದರೆ ಅದು ಅಗೌರವ ಆಗಲ್ಲ, ಮಕ್ಕಳನ್ನ ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ಹಿಂದುಳಿದ ವರ್ಗಗಳ ಚಿನ್ನಪ್ಪ ರೆಡ್ಡಿ ಆಯೋಗ ಅಂತ ನಮ್ಮ ರಾಜ್ಯದಲ್ಲಿ ಇತ್ತಲ್ಲ, ಅವರೇ. ಅಮೆರಿಕದಲ್ಲೂ ಬಾವುಟಕ್ಕೆ ಸೆಲ್ಯೂಟ್ ಹೊಡಿ, ಪ್ರತಿಜ್ಞೆ ಹೇಳು ಅಂತ ಮಕ್ಕಳನ್ನ ಬಲವಂತ ಮಾಡಬಾರದು ಅಂತ 1943ರಲ್ಲೇ ತೀರ್ಪಾಗಿದೆಯಂತೆ.

"ಅದು ಧರ್ಮದ ವಿಷಯ. ಇವು ಸೋಮಾರಿ ಮುಂಡೇವು" ಅಂದೆ ನಾನು.

ಆಗ ಮೇಡಂ ಹಾಜರಿ ಪುಸ್ತಕ ತೆಗೆದು ಹೆಸರು ಓದಿದರು. ಐದು ಮಕ್ಕಳು. ಮೊದಲನೇ ಹೆಸರು ನನ್ನ ತಮ್ಮನ ಮಗಂದು. ಉಳಿದ ನಾಲ್ಕು ತೋಟದ ಆಚೆ ಕಾಲೋನಿಯ ಮಕ್ಕಳು. "ಮೊದಲು ತೋಟದೊಳಗಿನ ಕಾಲುದಾರೀಲಿ ಬರ್ತಿದ್ರು. ಈಗ ರಸ್ತೆ ಸುತ್ತಿ ಬರಬೇಕಲ್ಲ, ಅದಕ್ಕೆ" ಅಂದರು ಮೇಡಂ. ನನ್ನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ಆ ಕಾಲುದಾರಿಗೆ ಬೇಲಿ ಹಾಕಿದವನು ನಾನೇ. ಎರಡು ವರ್ಷದ ಹಿಂದೆ ಹದ್ದುಬಸ್ತು ಮಾಡಿಸಿದಾಗ ಏಳು ತೆಂಗಿನ ಮರ ತಮ್ಮನ ಪಾಲಿಗೆ ಹೋದವು. ಅಪ್ಪ ಇದ್ದಾಗ ನಾನೇ ನೆಟ್ಟು ಕೊಡದಲ್ಲಿ ನೀರು ಹೊತ್ತು ಹಾಕಿದ ಮರಗಳು. ಕೇಸು ಹಾಕಿದೆ. ಸಿಟ್ಟಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದೆ. ತಮ್ಮನಿಗೆ ದಾರಿ ತಪ್ಪಿಸಬೇಕು ಅಂತ ಹಾಕಿದ್ದು. ಅವನು ಬೈಕಿನಲ್ಲಿ ಓಡಾಡ್ತಾನೆ, ಅವನಿಗೇನೂ ಆಗಲಿಲ್ಲ. ಮಕ್ಕಳು ಮಾತ್ರ ಹಳೇಬೀಡು ರಸ್ತೆಯ ಅಂಚಿನಲ್ಲಿ ಜೋಳದ ಲಾರಿ, ಟಿಪ್ಪರ್ ಪಕ್ಕ ನಡೆದುಕೊಂಡು ಬರ್ತಿದ್ದವು. ಇದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳು. ಗೊತ್ತಿತ್ತು, ಯೋಚನೆ ಮಾಡಿರಲಿಲ್ಲ.

ಮೀಟಿಂಗ್ ಆದ ನಾಲ್ಕನೇ ದಿನ ಹಳೇಬೀಡಿನಲ್ಲಿ ನೆಂಟರ ಮನೆ ಕಾರ್ಯ ಇತ್ತು. ಊಟ ಮುಗಿಸಿ ದೇವಸ್ಥಾನದ ಒಳಗೆ ಹೋದೆ. 2023ರ ಸೆಪ್ಟೆಂಬರ್ 15ರಂದು ರಾಜ್ಯದಲ್ಲೆಲ್ಲ ಪೀಠಿಕೆ ಓದಿಸಿದರಲ್ಲ, ಅದಾದ ಮೂರೇ ದಿನಕ್ಕೆ, 18ಕ್ಕೆ, ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಪ್ರತಿಜ್ಞೆಯಲ್ಲೂ ಈ ಪರಂಪರೆಗೆ ತಕ್ಕವನಾಗಿ ಇರ್ತೀನಿ ಅನ್ನೋ ಅರ್ಥದ ಮಾತಿದೆ. ಆದರೆ ನನ್ನ ಕಣ್ಣು ಹೋಗಿದ್ದು ಹೊಯ್ಸಳೇಶ್ವರನ ಆವರಣದ ಗರುಡ ಕಂಬದ ಮೇಲೆ. ಚಿಕ್ಕಂದಿನಿಂದ ನೋಡಿದ ಕಂಬವೇ. ಇಮ್ಮಡಿ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮ, ದೊರೆ ಸತ್ತರೆ ನಾನೂ ಬದುಕಲ್ಲ ಅಂತ ಭಾಷೆ ಕೊಟ್ಟಿದ್ದ. ದೊರೆ ತೀರಿಕೊಂಡಾಗ ಅವನು, ಅವನ ಹೆಂಡತಿ, ಜೊತೆಯ ವೀರರು ಪ್ರಾಣ ಕೊಟ್ಟರು ಅಂತ ಶಾಸನ ಹೇಳುತ್ತೆ. ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರ ಕೆತ್ತನೆ ಇವತ್ತಿಗೂ ಆ ಕಂಬದ ಮೇಲಿದೆ.

ಸುಮಾರು ಹೊತ್ತು ನಿಂತಿದ್ದೆ. ಅವನು ಭಾಷೆ ಕೊಟ್ಟಿದ್ದು ಒಬ್ಬ ದೊರೆಗೆ. ನಮ್ಮ ಮಕ್ಕಳು ಕೊಡೋದು ದೊರೆಗಲ್ಲ, ಪಕ್ಕದಲ್ಲಿ ನಿಂತಿರೋರಿಗೆ. ಅವರು ಚೆನ್ನಾಗಿದ್ದರೆ ನಾನು ಚೆನ್ನಾಗಿದ್ದಂಗೆ ಅಂತ. ಇದು ಯಾರ ತಲೆಯನ್ನೂ ಕೇಳಲ್ಲ. ನನ್ನ ಹತ್ರ ಕೇಳಿದ್ದು ಮೂರಡಿ ಅಗಲದ ಕಾಲುದಾರಿ. ಅಷ್ಟನ್ನೂ ಕೊಡದೆ, ನಾನು ಮಾತ್ರ ಐದು ಮಕ್ಕಳನ್ನ ನಿಲ್ಲಿಸಿ ಹೇಳಿಸೋಕೆ ಹೊರಟಿದ್ದೆ.

ಮಾರನೇ ಬೆಳಗ್ಗೆ ಎರಡು ಕಂಬದ ನಡುವೆ ತಂತಿ ಕತ್ತರಿಸಿ, ಬಿದಿರಿನ ತಡಿಕೆ ಕಟ್ಟಿದೆ. ಮೂರು ದಿನ ಯಾವ ಮಗುವೂ ಬರಲಿಲ್ಲ, ಬೈತಾರೆ ಅನ್ನೋ ಭಯ ಇರಬೇಕು. ನಾಲ್ಕನೇ ದಿನ ತಮ್ಮನ ಮಗ ಬಂದು ತಡಿಕೆ ಆಚೆ ನಿಂತು, "ದೊಡ್ಡಪ್ಪ, ಈ ಕಡೆ ಬರಬಹುದಾ?" ಅಂದ. ನನ್ನ ತಮ್ಮನ ಮಗ, ನಮ್ಮಪ್ಪನ ತೋಟಕ್ಕೆ ಬರೋಕೆ ನನ್ನ ಅಪ್ಪಣೆ ಕೇಳಿದ. ಬಾರಪ್ಪ ಅಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ.

ತಮ್ಮ ಇನ್ನೂ ಮಾತಾಡಿಲ್ಲ. ಕೇಸನ್ನ ನಾನೂ ವಾಪಸ್ ತಗೊಂಡಿಲ್ಲ, ಮುಂದಿನ ತಿಂಗಳು ವಾಯಿದೆ ಇದೆ. ಏಳು ಮರದ ಆಸೆ ಪೂರ್ತಿ ಹೋಗಿಲ್ಲ, ನಿಮ್ಮ ಹತ್ರ ಸುಳ್ಳು ಯಾಕೆ ಹೇಳಲಿ.

ಮಕ್ಕಳ ಕೈಲಿ ಪ್ರತಿಜ್ಞೆ ಹೇಳಿಸಬೇಕಾ ಅಂದರೆ, ಹೇಳಿಸಲಿ ಅಂತಲೇ ಅಂತೀನಿ. ಒಳ್ಳೆ ಮಾತು, ಬಾಯಲ್ಲಿದ್ದರೆ ಎಂದಾದರೂ ಒಂದು ದಿನ ನೆನಪಿಗೆ ಬರುತ್ತೆ. ನನಗೆ ಬರೋಕೆ ನಲವತ್ತು ವರ್ಷದ ಮೇಲಾಯ್ತು. ಆದರೆ ಹೇಳದ ಮಗುವನ್ನ ದೇಶದ್ರೋಹಿ ಅನ್ನಬೇಡಿ, ತಡವಾಗಿ ಬಂದ ಮಗುವಿಗೆ ಅದನ್ನ ಶಿಕ್ಷೆ ಮಾಡಬೇಡಿ. ಯಾಕೆ ತಡ ಆಯ್ತು ಅಂತ ಮೊದಲು ಕೇಳಿ.

ನಾಳಿದ್ದು ಬಾವುಟ ಹಾರಿಸೋಕೆ ನಾವೂ ಎಲ್ಲ ಶಾಲೆ ಹತ್ರ ಹೋಗ್ತೀವಲ್ಲ. ಕೊಬ್ಬರಿ ರೇಟು ಮಾತಾಡ್ತಾ ಹಿಂದೆ ನಿಲ್ಲೋದು ಬಿಟ್ಟು, ಮಕ್ಕಳು ಹೇಳೋದನ್ನ ಒಂದು ಸಲ ಕೇಳಿಸಿಕೊಳ್ಳೋಣ. ನಿಮ್ಮ ತೋಟದಲ್ಲೂ ಹಳೇ ಕಾಲುದಾರಿ ಮುಚ್ಚಿದ್ದರೆ, ಅದರಲ್ಲಿ ಯಾರು ಓಡಾಡ್ತಿದ್ರು ಅಂತ ನೆನಪು ಮಾಡಿಕೊಳ್ಳಿ.

ಗೊಬ್ಬರದ ವಿಚಾರ ಮುಂದಿನ ವಾರ ಖಂಡಿತ.