ಸಮಯಿಯ ಹೊನ್ನು, ಫ್ಲ್ಯಾಶಿನ ಬಿಳುಪು

ಪುಣೆಯ ಪೇಠೆಗಳಲ್ಲಿ ಅಳಿದುಳಿದ ಹಳೆಯ ವಾಡೆಗಳ ಒಳಕೋಣೆಗಳಿಗೆ ನಡುವಣ ಅಂಗಳದ ಕಡೆಯಿಂದಷ್ಟೇ ಬೆಳಕು ಬರುವುದರಿಂದ, ಭಾದ್ರಪದದಲ್ಲಿ ಗೌರಿಯನ್ನು ಕೂರಿಸಿದ ಮೂಲೆಯನ್ನು ಫಿಲ್ಮ್ ಕ್ಯಾಮೆರಾದಲ್ಲಿ ಸೆರೆಹಿಡಿಯಬಯಸುವವರಿಗೆ ಫ್ಲ್ಯಾಶ್ ಬೇಕೇಬೇಕೆನಿಸುತ್ತದೆ. ಆದರೆ ಬೆಳಕುಗಳೆಲ್ಲ ಒಂದೇ ಬಣ್ಣದವಲ್ಲ. ಕೆಲ್ವಿನ್ ಮಾನದಲ್ಲಿ ಅಳೆಯುವ ವರ್ಣತಾಪದ ಅಂಕಿ ಇಳಿದಷ್ಟೂ ಬೆಳಕು ಕೆಂಪಿನತ್ತ ಸರಿಯುತ್ತದೆ. ಫ್ಲ್ಯಾಶ್ ಸುಮಾರು 5500, ತಂತಿ ಕಾದು ಉರಿಯುವ ಬಲ್ಬು 2800, ಸಮಯಿ ಎಂಬ ಹಿತ್ತಾಳೆಯ ಎತ್ತರದ ಎಣ್ಣೆದೀಪ 1900ರ ಆಸುಪಾಸು. ಕಣ್ಣು ಈ ಅಂತರಕ್ಕೆ ಒಗ್ಗಿಕೊಳ್ಳುತ್ತದೆ. ಹಗಲಿಗೆಂದು ತಯಾರಾದ ಫಿಲ್ಮಿಗೆ ಆ ಒಗ್ಗಿಕೆಯಿಲ್ಲದ ಕಾರಣ ಫ್ಲ್ಯಾಶ್ ಬಿದ್ದ ಗೌರಿಯ ಮುಖ ಸುಣ್ಣ ಬಳಿದಂತೆಯೂ ಬಲ್ಬು ಬೆಳಗುವ ಹಿಂದಿನ ಗೋಡೆ ಕಿತ್ತಳೆಯಾಗಿಯೂ ಮೂಡುತ್ತವೆ. ಪ್ರಿಂಟ್ ಹಾಕುವಾಗಿನ ಫಿಲ್ಟರು ಇಡೀ ಚಿತ್ರದ ಬಣ್ಣವನ್ನು ಒಟ್ಟಿಗೇ ಸರಿಸುವುದರಿಂದ, ಗೋಡೆ ಸರಿಹೋದರೆ ಮುಖ ನೀಲಿಗಟ್ಟುತ್ತದೆ.

ಆದ್ದರಿಂದ ತಿದ್ದಬೇಕಾದದ್ದು ಫ್ಲ್ಯಾಶನ್ನೇ. ಅದರ ಬಾಯಿಗೆ ಜೆಲ್ ಎಂಬ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆಯನ್ನು ಕಟ್ಟಿದರೆ ಬೆಳಕು ಸುಮಾರು 3200 ಕೆಲ್ವಿನ್‌ಗೆ ಇಳಿದು ಬಲ್ಬಿನ ನೆಂಟನಾಗುತ್ತದೆ. ಆಗ ಚಿತ್ರವೆಲ್ಲ ಒಂದೇ ಕಡೆಗೆ ವಾಲುವುದರಿಂದ ಲ್ಯಾಬಿನ ತಿದ್ದುಪಡಿಯೂ ಫಲಿಸುತ್ತದೆ. ಆದರೆ ಇಂಥ ಬೆಳಕಿನಲ್ಲಿ ಫಿಲ್ಮಿನ ನೀಲಿ ಪದರಕ್ಕೆ ಪಾಲು ಕಡಿಮೆಯಾದ್ದರಿಂದ, ನೆಗೆಟಿವ್‌ಗೆ ಒಂದು ಸ್ಟಾಪ್, ಎಂದರೆ ಎರಡು ಪಟ್ಟು, ಹೆಚ್ಚು ಬೆಳಕು ಕೊಡುವುದು ಒಳಿತು. ಫ್ಲ್ಯಾಶಿನ ಪ್ರಮಾಣವನ್ನು ಲೆನ್ಸಿನ ಕಿಂಡಿಯಾದ ಅಪರ್ಚರ್ ನಿರ್ಧರಿಸಿದರೆ, ಬಲ್ಬಿನದನ್ನು ಷಟರ್ ತೆರೆದಿರುವ ಕಾಲವೂ ನಿರ್ಧರಿಸುತ್ತದೆ. 1/60ರಿಂದ 1/15 ಸೆಕೆಂಡಿಗೆ ಇಳಿದರೆ ಕತ್ತಲಲ್ಲಿ ಮುಳುಗಿದ್ದ ತೇಗದ ಕಂಬ ಮೆಲ್ಲನೆ ಹೊರಬರುತ್ತದೆ.

ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ 1960ರಲ್ಲಿ ಆರಂಭವಾಗಿ, ನಿರ್ದೇಶಕ ಗಿರೀಶ ಕಾಸರವಳ್ಳಿಯವರಂಥವರಿಗೆ ಕಲಿಸಿದ ಪುಣೆಯ ಚಲನಚಿತ್ರ ಸಂಸ್ಥೆಯನ್ನು ಇಲ್ಲಿ ನೆನೆಯುವುದು ಸಹಜ, ಏಕೆಂದರೆ ಸಿನಿಮಾದವರ ಫಿಲ್ಮಿನ ಲೆಕ್ಕ ಬೇರೆ. ಸಿನಿಮಾದ ಬಣ್ಣದ ಫಿಲ್ಮಿನಲ್ಲಿ ಒಂದು ಮುಖ್ಯ ಬಗೆ 3200 ಕೆಲ್ವಿನ್‌ಗೆ, ಅಂದರೆ ಸ್ಟುಡಿಯೊ ದೀಪಕ್ಕೆ, ಹೊಂದಿಸಿದ್ದು. ಅದಕ್ಕೆ ದೀಪವೇ ತವರು, ಬಿಸಿಲಿಗೆ ಹೋಗಬೇಕಾದಾಗ ಕಿತ್ತಳೆ ಫಿಲ್ಟರಿನ ಆಸರೆ ಬೇಕು. ಸ್ಥಿರಚಿತ್ರದ ಸಾಮಾನ್ಯ ರೋಲಿನದು ಇದಕ್ಕೆ ತದ್ವಿರುದ್ಧವಾದ ಸ್ವಭಾವ.

ಎಲ್ಲ ಬೆಳಕನ್ನೂ ಬಿಳಿಯಾಗಿಸುವ ಹಟ ಮಾತ್ರ ಸಲ್ಲದು. ಬಲ್ಬು ಮತ್ತು ಫ್ಲ್ಯಾಶ್ ಹೊಂದಿಕೊಂಡ ಮೇಲೂ ಸಮಯಿಯ ಕುಡಿಗಳು ತಮ್ಮ ಹೊನ್ನನ್ನು ಉಳಿಸಿಕೊಳ್ಳುತ್ತವೆ. ಬರಿಯ ಫ್ಲ್ಯಾಶಿಗೆ ಗೌರಿಯ ನತ್ತಿನ ಮುತ್ತು ಚುಚ್ಚುವ ಬಿಳಿಚುಕ್ಕೆಯಾಗುತ್ತಿತ್ತು. ಜೆಲ್ ಕಟ್ಟಿ, ಫ್ಲ್ಯಾಶನ್ನು ಪಕ್ಕದ ಬಿಳಿ ಗೋಡೆಗೆ ತಿರುಗಿಸಿದಾಗ ಅದೇ ಮುತ್ತಿನ ಮೇಲೆ ಗೋಡೆಯ ಮೆದು ಬೆಳಕೂ, ಮುತ್ತಿನ ಕೆಳಅಂಚಿನಲ್ಲಿ ಸಾಸಿವೆಯಷ್ಟು ಅಗಲದ ದೀಪದ ಕುಡಿಯೂ ಕಾಣುತ್ತವೆ.